ಕ್ಯಾನ್ಸರ್: ಎಷ್ಟು ಮಂದಿಗೆ ಎಂಬುದಷ್ಟೇ ಸಾಲದು, ಎಲ್ಲಿ, ಯಾರಲ್ಲಿ, ಏಕೆ ಎಂಬುದೂ ಬೇಕು

ಸಂಪಾದಕರಿಗೆ ನಮಸ್ಕಾರ.

ಪ್ರತಿ ವರ್ಷ ಫೆಬ್ರುವರಿ 4ರ ವಿಶ್ವ ಕ್ಯಾನ್ಸರ್ ದಿನದ ಆಸುಪಾಸಿನಲ್ಲಿ ನಮ್ಮ ಪತ್ರಿಕೆಗಳಲ್ಲಿ ಜಗತ್ತಿನ ಕ್ಯಾನ್ಸರ್ ಅಂಕಿ-ಅಂಶಗಳು ಪ್ರಕಟವಾಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾಗಿ ಫ್ರಾನ್ಸಿನ ಲಿಯಾನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ, 2022ರಲ್ಲಿ ಸುಮಾರು 2 ಕೋಟಿ ಮಂದಿಗೆ ಹೊಸದಾಗಿ ಕ್ಯಾನ್ಸರ್ ಪತ್ತೆಯಾಯಿತು, 97 ಲಕ್ಷ ಮಂದಿ ಅದರಿಂದ ತೀರಿಕೊಂಡರು. 2050ರ ಹೊತ್ತಿಗೆ ಹೊಸ ರೋಗಿಗಳ ಸಂಖ್ಯೆ ವರ್ಷಕ್ಕೆ 3.5 ಕೋಟಿ ಮುಟ್ಟಲಿದೆ. ಈ ಸಂಖ್ಯೆಗಳಲ್ಲಿ ತಪ್ಪಿಲ್ಲ. ಆದರೆ ಅವುಗಳ ನೆತ್ತಿಯ ಮೇಲೆ ‘ಸ್ಫೋಟ’, ‘ಸುನಾಮಿ’ ಎಂಬ ಶೀರ್ಷಿಕೆಗಳನ್ನು ಕೂರಿಸಿದಾಗ ಓದುಗರ ಮನಸ್ಸಿನಲ್ಲಿ ಉಳಿಯುವುದು ಭಯ ಮಾತ್ರ. ಕ್ಯಾನ್ಸರ್ ಎಲ್ಲೆಡೆ ಒಂದೇ ಸಮನೆ ಏರುತ್ತಿದೆ, ಯಾರು ಏನು ಮಾಡಿದರೂ ಅದು ತಗ್ಗುವುದಿಲ್ಲ ಎಂಬ ನಂಬಿಕೆ ಬೇರೂರುತ್ತದೆ. ನನ್ನ ವೃತ್ತಿಜೀವನವೆಲ್ಲ ಕಳೆದದ್ದು ಕ್ಯಾನ್ಸರ್ ನೋಂದಣಿಯ ಕೆಲಸದಲ್ಲಿ, ಅಂದರೆ ಒಂದು ಪ್ರದೇಶದಲ್ಲಿ ಯಾರಿಗೆ ಯಾವ ಕ್ಯಾನ್ಸರ್ ಬಂತೆಂದು ಒಬ್ಬೊಬ್ಬರನ್ನೂ ದಾಖಲಿಸಿ ಎಣಿಸುವ ಕೆಲಸದಲ್ಲಿ. ಆ ನಂಬಿಕೆಗೂ ನೋಂದಣಿಗಳು ಹೇಳುವ ಸಂಗತಿಗೂ ತಾಳಮೇಳವಿಲ್ಲ ಎಂದು ಸ್ಪಷ್ಟವಾಗಿ ಹೇಳಲೇಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ದೀರ್ಘವಾಗಿದ್ದರೂ ಪ್ರಕಟಿಸಬೇಕಾಗಿ ಕೋರಿಕೆ.

ಸಂಖ್ಯೆ ಬೇರೆ, ದರ ಬೇರೆ. ಕ್ಯಾನ್ಸರ್ ಬಹುಮಟ್ಟಿಗೆ ವಯಸ್ಸಾದವರ ಕಾಯಿಲೆ. ಸಾಂಕ್ರಾಮಿಕ ರೋಗಗಳಿಂದ, ಹೆರಿಗೆಯ ತೊಂದರೆಗಳಿಂದ, ಅಪೌಷ್ಟಿಕತೆಯಿಂದ ಬೇಗನೆ ಸಾಯುತ್ತಿದ್ದ ಜನ ಬದುಕುಳಿದು ಅರವತ್ತು, ಎಪ್ಪತ್ತು ದಾಟತೊಡಗಿದಾಗ ಕ್ಯಾನ್ಸರ್ ಬರುವ ವಯಸ್ಸಿನವರೇ ಹೆಚ್ಚಾಗುತ್ತಾರೆ. ಒಟ್ಟು ಜನಸಂಖ್ಯೆಯೂ ಬೆಳೆಯುತ್ತದೆ. 2022ರಿಂದ 2050ರ ನಡುವೆ ಆಗಲಿದೆ ಎನ್ನಲಾದ ಶೇ. 77ರಷ್ಟು ಏರಿಕೆಯ ಲೆಕ್ಕ ನಿಂತಿರುವುದು ಈ ಎರಡು ಸಂಗತಿಗಳ ಮೇಲೆಯೇ. ಅಂದರೆ ಯಾವ ವಯೋಗುಂಪಿನಲ್ಲೂ ಕ್ಯಾನ್ಸರ್ ದರ ಇಂದಿಗಿಂತ ಕಿಂಚಿತ್ತೂ ಹೆಚ್ಚದಿದ್ದರೂ ಅಷ್ಟು ಏರಿಕೆ ಆಗಿಯೇ ತೀರುತ್ತದೆ. ಇದನ್ನು ಸಮಾಧಾನಕ್ಕಾಗಿ ಹೇಳುತ್ತಿಲ್ಲ. ಆಸ್ಪತ್ರೆ ಕಟ್ಟುವವರಿಗೆ, ವಿಕಿರಣ ಚಿಕಿತ್ಸೆಯ ಯಂತ್ರ ಕೊಳ್ಳುವವರಿಗೆ, ನೋವು ತಗ್ಗಿಸುವ ಮಾರ್ಫಿನ್ ಎಷ್ಟು ಬೇಕೆಂದು ಲೆಕ್ಕ ಹಾಕುವವರಿಗೆ ಈ ಸಂಖ್ಯೆಯೇ ಮುಖ್ಯ. ಅದರಲ್ಲೂ ಮಾನವ ಅಭಿವೃದ್ಧಿ ಸೂಚ್ಯಂಕದಲ್ಲಿ ಕೆಳಗಿರುವ ದೇಶಗಳಲ್ಲಿ ಹೊಸ ರೋಗಿಗಳ ಸಂಖ್ಯೆ ಶೇ. 142ರಷ್ಟು ಹೆಚ್ಚಲಿದೆ ಎಂಬುದು ತಲೆ ಕೆಡಿಸಿಕೊಳ್ಳಬೇಕಾದ ವಿಚಾರ. ಆದರೆ ರೋಗದ ಕಾರಣ ಹುಡುಕುವವರಿಗೆ, ತಡೆಯುವ ದಾರಿ ಕಾಣಬೇಕೆನ್ನುವವರಿಗೆ ಬೇಕಾಗಿರುವುದು ದರ. ಪ್ರತಿ ಐದು ವರ್ಷಗಳ ವಯೋಗುಂಪಿನಲ್ಲಿ ಲಕ್ಷಕ್ಕೆ ಎಷ್ಟು ಮಂದಿಗೆ ರೋಗ ಬಂದಿದೆಯೆಂದು ನೋಡಿ, ಎಲ್ಲ ದೇಶಗಳ ಜನಸಂಖ್ಯೆಯ ವಯೋರಚನೆ ಒಂದೇ ಬಗೆಯದಾಗಿದ್ದರೆ ಒಟ್ಟು ದರ ಎಷ್ಟಾಗುತ್ತಿತ್ತು ಎಂದು ಲೆಕ್ಕ ಹಾಕಿದಾಗ ಸಿಗುವ ವಯೋಹೊಂದಾಣಿಕೆಯ ದರವನ್ನು ಹಿಡಿದೇ ದೇಶದೇಶಗಳನ್ನು, ಕಾಲಕಾಲವನ್ನು ಹೋಲಿಸಬೇಕು. ಕೇರಳದಲ್ಲಿ ಕ್ಯಾನ್ಸರ್ ವಿಪರೀತ ಎಂದು ಜನ ಆಡಿಕೊಳ್ಳುವ ಮಾತಿನ ಹಿಂದೆ ಅಲ್ಲಿಯವರು ಹೆಚ್ಚು ಕಾಲ ಬದುಕುತ್ತಾರೆ ಎಂಬ ಅಂಶವೂ ಸೇರಿಕೊಂಡಿದೆ.

ಹೀಗೆ ಹೊಂದಿಸಿ ನೋಡಿದಾಗ ಆಸ್ಟ್ರೇಲಿಯಾದಲ್ಲಿ 2022ರ ದರ ಲಕ್ಷಕ್ಕೆ ಸುಮಾರು 460, ಭಾರತದಲ್ಲಿ ಸುಮಾರು 100. ಇಷ್ಟನ್ನೇ ಓದಿದವರು ನಾವು ಸುರಕ್ಷಿತರೆಂದು ತಿಳಿದಾರು. ಆಸ್ಟ್ರೇಲಿಯಾದ ಸಂಖ್ಯೆಯಲ್ಲಿ ಬಿಳಿಯ ಚರ್ಮದ ಜನರಿಗೆ ಸುಡುಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ಇದೆ, ರಕ್ತಪರೀಕ್ಷೆಯಲ್ಲಿ ಹುಡುಕಿ ತೆಗೆದ ಪ್ರಾಸ್ಟೇಟ್ ಕ್ಯಾನ್ಸರ್ ಇದೆ, ಸ್ತನದ ಎಕ್ಸ್-ರೇ ಪರೀಕ್ಷೆಯಾದ ಮ್ಯಾಮೊಗ್ರಫಿಯಲ್ಲಿ ಕಂಡ ಚಿಕ್ಕ ಚಿಕ್ಕ ಸ್ತನ ಕ್ಯಾನ್ಸರ್‌ಗಳಿವೆ. ಸಾವಿನ ದರದಲ್ಲಿ ಎರಡು ದೇಶಗಳ ನಡುವಿನ ಅಂತರ ಇಷ್ಟು ದೊಡ್ಡದಲ್ಲ. ಭಾರತದಲ್ಲಿ ಆ ವರ್ಷ ಸುಮಾರು 14.1 ಲಕ್ಷ ಹೊಸ ರೋಗಿಗಳು, 9.2 ಲಕ್ಷ ಸಾವುಗಳು. ಜಗತ್ತಿನ ನೂರು ಹೊಸ ರೋಗಿಗಳಲ್ಲಿ ಏಳು ಮಂದಿ ನಮ್ಮವರು. ನೂರು ಸಾವುಗಳಲ್ಲಿ ಒಂಬತ್ತಕ್ಕೂ ಹೆಚ್ಚು ನಮ್ಮವು. ನಮ್ಮಲ್ಲಿ ಎಣಿಕೆಗೇ ಸಿಗದ ರೋಗಿಗಳು ಇರುವುದರಿಂದ ಈ ಅನುಪಾತವನ್ನು ಸ್ಥೂಲವಾಗಿ ತೆಗೆದುಕೊಳ್ಳಬೇಕು, ಆದರೂ ಅದು ತೋರಿಸುವ ದಿಕ್ಕು ಸಂದೇಹಕ್ಕೆ ಎಡೆಯಿಲ್ಲದ್ದು.

ಸ್ತನ ಕ್ಯಾನ್ಸರ್‌ನಲ್ಲಿ ಈ ದಿಕ್ಕು ಇನ್ನೂ ಸ್ಪಷ್ಟ. ಅತಿ ಹೆಚ್ಚು ಅಭಿವೃದ್ಧಿ ಹೊಂದಿದ ದೇಶಗಳಲ್ಲಿ 12 ಮಹಿಳೆಯರಲ್ಲಿ ಒಬ್ಬರಿಗೆ ಜೀವಿತಾವಧಿಯಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾಗುತ್ತದೆ, 71ರಲ್ಲಿ ಒಬ್ಬರು ಅದರಿಂದ ಸಾಯುತ್ತಾರೆ. ತೀರ ಹಿಂದುಳಿದ ದೇಶಗಳಲ್ಲಿ ಪತ್ತೆಯಾಗುವುದು 27ರಲ್ಲಿ ಒಬ್ಬರಿಗೆ, ಸಾಯುವುದು 48ರಲ್ಲಿ ಒಬ್ಬರು. ರೋಗ ಅರ್ಧಕ್ಕಿಂತ ಕಡಿಮೆ, ಸಾವು ಒಂದೂವರೆ ಪಟ್ಟು. ರೋಗಿಯ ಫೈಲಿನಲ್ಲಿ ‘ಗಂಟು ಕಂಡು ಎಷ್ಟು ಕಾಲವಾಯಿತು’ ಎಂಬ ಪ್ರಶ್ನೆಗೆ ವೈದ್ಯರು ಬರೆದ ಉತ್ತರವನ್ನು ನಮೂನೆಗೆ ಇಳಿಸಿಕೊಳ್ಳುವುದು ನನ್ನ ಕೆಲಸದ ಒಂದು ಭಾಗವಾಗಿತ್ತು. ‘ಎಂಟು ತಿಂಗಳು’, ‘ಒಂದು ವರ್ಷ’, ‘ಒಂದೂವರೆ ವರ್ಷ’ ಎಂಬ ಉತ್ತರಗಳು ಸಾಮಾನ್ಯವಾಗಿದ್ದವು. ಮುಂದಿನ ಸಾಲಿನಲ್ಲಿ ಗಂಟು ಒಡೆದು ಹುಣ್ಣಾದ ವಿವರ ಇರುತ್ತಿತ್ತು. ಮಗಳ ಮದುವೆ ಮುಗಿಯಲಿ, ಕೊಯ್ಲು ಮುಗಿಯಲಿ ಎಂದು ಕಾದವರು ಅವರು. ಗಂಡಸರ ಮುಂದೆ ಹೇಳಿಕೊಳ್ಳಲಾರದೆ ಕಾದವರೂ ಇದ್ದರು. ಅಮೆರಿಕದಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾದ ನೂರರಲ್ಲಿ 90 ಮಂದಿ ಐದು ವರ್ಷದ ನಂತರವೂ ಬದುಕಿರುತ್ತಿದ್ದ ಕಾಲದಲ್ಲಿ ಭಾರತದಲ್ಲಿ ಆ ಸಂಖ್ಯೆ 66ರ ಆಸುಪಾಸಿನಲ್ಲಿತ್ತು. ಈ 24 ಮಂದಿಯ ವ್ಯತ್ಯಾಸವನ್ನು ಯಾವ ಹೊಸ ಔಷಧಕ್ಕೂ ಮೊದಲು ತಡವಾದ ತಿಂಗಳುಗಳಲ್ಲಿ ಹುಡುಕಬೇಕು.

ದರ ಏರಿದ ಮಾತ್ರಕ್ಕೆ ರೋಗ ಏರಿದೆ ಎಂದೂ ಅಲ್ಲ. ದಕ್ಷಿಣ ಕೊರಿಯಾದಲ್ಲಿ 1999ರಲ್ಲಿ ಸರ್ಕಾರ ಕ್ಯಾನ್ಸರ್ ತಪಾಸಣೆಯ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ಥೈರಾಯ್ಡ್ ಅದರಲ್ಲಿ ಸೇರಿರಲಿಲ್ಲ. ಆದರೆ ಅಲ್ಪ ಹಣ ಹೆಚ್ಚಿಗೆ ಕೊಟ್ಟರೆ ಕುತ್ತಿಗೆಯ ಅಲ್ಟ್ರಾಸೌಂಡ್ ಕೂಡ ಮಾಡುವುದು ವಾಡಿಕೆಯಾಯಿತು. 1993ಕ್ಕೆ ಹೋಲಿಸಿದರೆ 2011ರ ಹೊತ್ತಿಗೆ ಅಲ್ಲಿ ಥೈರಾಯ್ಡ್ ಕ್ಯಾನ್ಸರ್ ದರ 15 ಪಟ್ಟಾಗಿತ್ತು. ಇಷ್ಟೆಲ್ಲ ಏರಿದರೂ ಅದರಿಂದ ಸಾಯುವವರ ದರ ಇದ್ದಲ್ಲೇ ಇತ್ತು. ಅಂದರೆ ಜೀವಮಾನವಿಡೀ ತೊಂದರೆ ಕೊಡದೆ ಇದ್ದುಬಿಡುತ್ತಿದ್ದ ಸಣ್ಣ ಗಂಟುಗಳನ್ನು ಹುಡುಕಿ, ಸಾವಿರಾರು ಮಂದಿಯ ಥೈರಾಯ್ಡ್ ಗ್ರಂಥಿಯನ್ನೇ ತೆಗೆದು, ಅವರನ್ನು ಜೀವನಪರ್ಯಂತ ಮಾತ್ರೆಗೆ ಕಟ್ಟಿಹಾಕಿದಂತಾಯಿತು. ಅಲ್ಲಿಯ ವೈದ್ಯರೇ 2014ರಲ್ಲಿ ಇದನ್ನು ಬಹಿರಂಗವಾಗಿ ಪ್ರಶ್ನಿಸಿದ ಮೇಲೆ ಶಸ್ತ್ರಚಿಕಿತ್ಸೆಗಳು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದವು. ಯಾವ ಲಕ್ಷಣವೂ ಇಲ್ಲದವರಿಗೆ ‘ಫುಲ್ ಬಾಡಿ ಚೆಕಪ್’ ಎಂದು ಜಾಹೀರಾತು ಹಾಕುವ ಖಾಸಗಿ ಲ್ಯಾಬುಗಳು ನಮ್ಮ ನಗರಗಳಲ್ಲಿ ಹೆಚ್ಚುತ್ತಿರುವಾಗ ಕೊರಿಯಾದ ಈ ಅನುಭವ ಕನ್ನಡದ ಓದುಗರಿಗೂ ತಿಳಿದಿರಬೇಕು.

ಇಳಿದ ಕ್ಯಾನ್ಸರ್‌ಗಳ ಬಗ್ಗೆ ನಮ್ಮ ಪತ್ರಿಕೆಗಳು ಬರೆಯುವುದೇ ಅಪರೂಪ. ಕಳೆದ ಶತಮಾನದ ಆರಂಭದ ದಶಕಗಳಲ್ಲಿ ಅಮೆರಿಕದಲ್ಲಿ ಕ್ಯಾನ್ಸರ್ ಸಾವುಗಳ ಮುಖ್ಯ ಕಾರಣ ಜಠರದ ಕ್ಯಾನ್ಸರ್ ಆಗಿತ್ತು. ಮನೆಮನೆಗೆ ಫ್ರಿಜ್ ಬಂದು ಉಪ್ಪು ಹಾಕಿ, ಹೊಗೆಯಾಡಿಸಿ ಆಹಾರ ಕಾಪಿಡುವುದು ಕಡಿಮೆಯಾಯಿತು, ನೈರ್ಮಲ್ಯ ಸುಧಾರಿಸಿ ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಸೋಂಕು ತಗ್ಗಿತು. ಕ್ಯಾನ್ಸರ್ ತಡೆಯಬೇಕೆಂದು ಯಾರೂ ಯೋಜನೆ ಹಾಕದೆಯೇ ಆ ರೋಗ ದಶಕದಿಂದ ದಶಕಕ್ಕೆ ಇಳಿಯುತ್ತ ಬಂತು. ಆ ಬ್ಯಾಕ್ಟೀರಿಯಾವನ್ನು ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಗುರುತಿಸಿದ್ದು 1982ರಲ್ಲಿ, ಇಳಿಕೆ ಶುರುವಾಗಿ ಎಷ್ಟೋ ಕಾಲವಾದ ಮೇಲೆ. ಶ್ವಾಸಕೋಶದ ಕ್ಯಾನ್ಸರ್‌ನ ಕಥೆ ಇದಕ್ಕೆ ವ್ಯತಿರಿಕ್ತ: ಅಲ್ಲಿ ಮೊದಲು ಕಾರಣ ತಿಳಿಯಿತು. 1950ರಲ್ಲಿ ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಬ್ರ್ಯಾಡ್‌ಫರ್ಡ್ ಹಿಲ್ ಸಿಗರೇಟಿಗೂ ಈ ರೋಗಕ್ಕೂ ಇರುವ ನಂಟನ್ನು ತೋರಿಸಿದರು. ಸೇದುವವರ ಸಂಖ್ಯೆ ಇಳಿದು ಎರಡು-ಮೂರು ದಶಕಗಳ ನಂತರ ಸಾವುಗಳೂ ಇಳಿದವು. ಅಮೆರಿಕದಲ್ಲಿ 1991ರಿಂದೀಚೆಗೆ ಒಟ್ಟು ಕ್ಯಾನ್ಸರ್ ಸಾವಿನ ದರ ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗಿದೆ, ಅದರ ದೊಡ್ಡ ಪಾಲು ಸೇರುವುದು ಧೂಮಪಾನದ ಇಳಿಕೆಗೆ. ಹೀಗಿದ್ದೂ 2022ರಲ್ಲಿ ಜಗತ್ತಿನಲ್ಲಿ ಅತಿ ಹೆಚ್ಚು ಕಂಡುಬಂದ ಕ್ಯಾನ್ಸರ್ ಶ್ವಾಸಕೋಶದ್ದೇ, ಸುಮಾರು 25 ಲಕ್ಷ ಮಂದಿಯಲ್ಲಿ. ಕ್ಯಾನ್ಸರ್ ಸಾವುಗಳಲ್ಲೂ ಅದೇ ಮೊದಲು. ಸಿಗರೇಟು ಕಂಪನಿಗಳು ಒಂದು ಕಡೆ ಕಳೆದುಕೊಂಡ ಗಿರಾಕಿಗಳನ್ನು ಇನ್ನೊಂದು ಕಡೆ ಗಳಿಸಿಕೊಂಡದ್ದರ ಲೆಕ್ಕ ಅದರಲ್ಲಿದೆ. ತೈವಾನ್ 1984ರಲ್ಲಿ ನವಜಾತ ಶಿಶುಗಳಿಗೆ ಹೆಪಟೈಟಿಸ್-ಬಿ ಲಸಿಕೆ ಕೊಡಲು ಆರಂಭಿಸಿ, ಹತ್ತು-ಹನ್ನೆರಡು ವರ್ಷಗಳಲ್ಲೇ ಮಕ್ಕಳ ಯಕೃತ್ತಿನ ಕ್ಯಾನ್ಸರ್ ಅರ್ಧಕ್ಕೆ ಇಳಿದದ್ದನ್ನು ಕಂಡಿತು. ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಆ ಲಸಿಕೆ ದೇಶದಾದ್ಯಂತ ಸೇರಿದ್ದು 2011ರಲ್ಲಿ.

ಕ್ಯಾನ್ಸರ್ ‘ವಂಶದಲ್ಲೇ ಬಂದದ್ದು’ ಎನ್ನುವವರಿಗೆ ಜಪಾನಿನಿಂದ ಹವಾಯಿಗೆ ವಲಸೆ ಹೋದವರ ಅಧ್ಯಯನಗಳು ಉತ್ತರ ಹೇಳುತ್ತವೆ. ಜಪಾನಿನಲ್ಲಿ ಜಠರದ ಕ್ಯಾನ್ಸರ್ ಬಹಳ, ಕರುಳಿನ ಮತ್ತು ಸ್ತನದ ಕ್ಯಾನ್ಸರ್ ಕಡಿಮೆ ಇದ್ದ ಕಾಲವದು. ವಲಸೆ ಹೋದವರ ಮಕ್ಕಳಲ್ಲಿ ಜಠರದ ಕ್ಯಾನ್ಸರ್ ಇಳಿಯಿತು, ಉಳಿದೆರಡು ಅಲ್ಲಿಯ ಬಿಳಿಯರ ಮಟ್ಟದತ್ತ ಏರಿದವು. ಒಂದೆರಡು ತಲೆಮಾರಿನಲ್ಲಿ ರಕ್ತ ಬದಲಾಗದು. ಊಟ, ಕೆಲಸ, ಮೈಭಾರ ಬದಲಾಗುತ್ತವೆ. ಈಗ ಅಮೆರಿಕ ಮತ್ತು ಇನ್ನೂ ಕೆಲವು ಶ್ರೀಮಂತ ದೇಶಗಳಲ್ಲಿ ಐವತ್ತು ತುಂಬದವರಲ್ಲಿ ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್ ಹೆಚ್ಚುತ್ತಿರುವುದು ಇದೇ ಬಗೆಯ ಸಂಗತಿ. ಅಮೆರಿಕದಲ್ಲಿ 2021ರಲ್ಲಿ ಇದರ ತಪಾಸಣೆ ಆರಂಭಿಸುವ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿದರು. ಇಲ್ಲಿ ವಯಸ್ಸಾದವರು ಹೆಚ್ಚಾದರು ಎಂಬ ವಿವರಣೆ ಹೊಂದುವುದಿಲ್ಲ. ಇದು ನಿಜವಾದ ಏರಿಕೆ, ಆತಂಕ ಪಡಬೇಕಾದ ಏರಿಕೆ.

ಗರ್ಭಕಂಠದ ಕ್ಯಾನ್ಸರ್ ವಿಷಯದಲ್ಲಿ ಬೆಂಗಳೂರಿನ ನೋಂದಣಿಯಲ್ಲಿ ಕಲಿಯಬೇಕಾದದ್ದು ಬಹಳ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಕಾರ್ಯಕ್ರಮದಡಿ 1982ರಲ್ಲಿ ಬೆಂಗಳೂರು, ಮುಂಬೈ, ಚೆನ್ನೈ ನಗರಗಳಲ್ಲಿ ಎಣಿಕೆ ಶುರುವಾದಾಗ ಬೆಂಗಳೂರಿನ ಮಹಿಳೆಯರಲ್ಲಿ ಮೊದಲ ಸ್ಥಾನದಲ್ಲಿದ್ದದ್ದು ಗರ್ಭಕಂಠದ ಕ್ಯಾನ್ಸರ್. ಅದು ದಶಕಗಳುದ್ದಕ್ಕೂ ಇಳಿಯುತ್ತ ಬಂತು, ಸ್ತನ ಕ್ಯಾನ್ಸರ್ ಏರುತ್ತ ಬಂದು ಅದನ್ನು ಹಿಂದಿಕ್ಕಿತು. ಈ ಇಳಿಕೆಗೆ ಲಸಿಕೆ ಕಾರಣವಲ್ಲ, ವ್ಯಾಪಕ ತಪಾಸಣೆಯೂ ಕಾರಣವಲ್ಲ, ಎರಡೂ ಇರಲಿಲ್ಲ. ಹೆಣ್ಣುಮಕ್ಕಳು ಓದಿದರು, ತಡವಾಗಿ ಮದುವೆಯಾದರು, ಏಳೆಂಟು ಹೆರಿಗೆಗಳ ಬದಲು ಎರಡಾದವು, ಮನೆಯಲ್ಲಿ ನೀರು-ಬಚ್ಚಲು ಬಂದವು. ತಡವಾದ ಮೊದಲ ಹೆರಿಗೆ, ಕಡಿಮೆ ಮಕ್ಕಳು, ಎದೆಹಾಲುಣಿಸುವ ಅವಧಿ ತಗ್ಗಿದ್ದು ಸ್ತನ ಕ್ಯಾನ್ಸರ್ ಏರಿಕೆಗೆ ತಮ್ಮ ಪಾಲು ಸೇರಿಸಿದವು. ಒಂದೇ ಸಾಮಾಜಿಕ ಬದಲಾವಣೆ ಒಂದು ಕ್ಯಾನ್ಸರನ್ನು ಇಳಿಸಿ ಇನ್ನೊಂದನ್ನು ಏರಿಸಿದೆ. ಇದನ್ನು ಕೇಳಿ ಹೆಣ್ಣುಮಕ್ಕಳ ಓದನ್ನೋ ಉದ್ಯೋಗವನ್ನೋ ದೂಷಿಸುವವರು ಇದ್ದಾರೆ. ಅವರು ಆ ಹಳೆಯ ದಿನಗಳಲ್ಲಿ ನಲವತ್ತೈದರ ಹರೆಯದಲ್ಲಿ ರಕ್ತಸ್ರಾವದಿಂದ ಬಸವಳಿದು ಬರುತ್ತಿದ್ದ ತಾಯಂದಿರ ಫೈಲುಗಳನ್ನು ನೋಡಬೇಕಿತ್ತು.

ತಾನಾಗಿಯೇ ಇಳಿಯುತ್ತಿದೆ ಎಂದು ಕೈಕಟ್ಟಿ ಕೂರುವಂತಿಲ್ಲ. ಭಾರತದಲ್ಲಿ ಈಗಲೂ ವರ್ಷಕ್ಕೆ ಸುಮಾರು 1.27 ಲಕ್ಷ ಮಹಿಳೆಯರಿಗೆ ಈ ರೋಗ ಬರುತ್ತಿದೆ, ಸುಮಾರು 80 ಸಾವಿರ ಮಂದಿ ಸಾಯುತ್ತಿದ್ದಾರೆ. ಆಫ್ರಿಕಾದ ಎಸ್ವಾಟಿನಿಯಲ್ಲಿ ಇದರ ದರ ಲಕ್ಷಕ್ಕೆ 90ನ್ನೂ ಮೀರಿದೆ. ಹ್ಯಾರಾಲ್ಡ್ ಝುರ್ ಹೌಸನ್ ಎಂಬ ಜರ್ಮನ್ ವಿಜ್ಞಾನಿ ಇದಕ್ಕೆ ಎಚ್‌ಪಿವಿ ವೈರಸ್ ಕಾರಣವೆಂದು ತೋರಿಸಿ 2008ರಲ್ಲಿ ನೊಬೆಲ್ ಪಡೆದರು. ಆಸ್ಟ್ರೇಲಿಯಾ 2007ರಲ್ಲಿಯೇ ಶಾಲೆಗಳಲ್ಲಿ ಲಸಿಕೆ ಆರಂಭಿಸಿ, 2035ರೊಳಗೆ ಈ ರೋಗವನ್ನು ಲಕ್ಷಕ್ಕೆ 4ಕ್ಕಿಂತ ಕೆಳಗಿಳಿಸುವ ಗುರಿಯತ್ತ ಸಾಗಿದೆ. ಸ್ಕಾಟ್ಲೆಂಡಿನಲ್ಲಿ 12-13ರ ವಯಸ್ಸಿನಲ್ಲಿ ಪೂರ್ಣ ಲಸಿಕೆ ಪಡೆದ ಹುಡುಗಿಯರ ತಂಡವನ್ನು ವರ್ಷಗಟ್ಟಲೆ ಗಮನಿಸಿದಾಗ ಅವರಲ್ಲಿ ಒಬ್ಬರಿಗೂ ಗರ್ಭಕಂಠದ ಕ್ಯಾನ್ಸರ್ ಕಂಡುಬಂದಿಲ್ಲವೆಂದು 2024ರಲ್ಲಿ ವರದಿಯಾಯಿತು. ಶ್ರೀಮಂತ ದೇಶಗಳಿಗಷ್ಟೇ ಸಾಧ್ಯ ಎನ್ನುವಂತಿಲ್ಲ. ರುವಾಂಡಾ 2011ರಲ್ಲಿಯೇ ದೇಶದಾದ್ಯಂತ ಲಸಿಕೆ ಹಾಕಲು ಮುಂದಾಯಿತು, ನಮ್ಮದೇ ಸಿಕ್ಕಿಂ 2018ರಲ್ಲಿ ಮಾಡಿ ತೋರಿಸಿತು. ನಮ್ಮ ದೇಶದಲ್ಲೇ ತಯಾರಾದ ಲಸಿಕೆ 2023ರಲ್ಲಿ ಬಿಡುಗಡೆಯಾಗಿದೆ.

ಇನ್ನು ಬಾಯಿ ಕ್ಯಾನ್ಸರ್. ಇದು ನಮ್ಮದು, ಜಗತ್ತಿನ ನಕ್ಷೆಯಲ್ಲಿ ಈ ರೋಗದ ಬಣ್ಣ ದಟ್ಟವಾಗಿರುವುದು ಭಾರತ, ಪಾಕಿಸ್ತಾನ, ಶ್ರೀಲಂಕಾ, ತೈವಾನ್, ಪಪುವಾ ನ್ಯೂಗಿನಿಗಳಂಥ ಅಡಿಕೆ ಜಗಿಯುವ ನಾಡುಗಳಲ್ಲಿ. 2022ರಲ್ಲಿ ಜಗತ್ತಿನಲ್ಲಿ ಕಂಡ ಸುಮಾರು 3.9 ಲಕ್ಷ ಬಾಯಿ ಕ್ಯಾನ್ಸರ್‌ಗಳಲ್ಲಿ 1.2 ಲಕ್ಷದಷ್ಟಕ್ಕೆ ಹೊಗೆರಹಿತ ತಂಬಾಕು ಮತ್ತು ಅಡಿಕೆ ಕಾರಣವೆಂದೂ, ಅವುಗಳಲ್ಲಿ ಸುಮಾರು 83 ಸಾವಿರ ಭಾರತದಲ್ಲೇ ಎಂದೂ ಲಿಯಾನಿನ ಸಂಸ್ಥೆ ಲೆಕ್ಕ ಹಾಕಿದೆ. ತಂಬಾಕು ಸೇರಿಸದ ಅಡಿಕೆಯನ್ನೂ ಅದೇ ಸಂಸ್ಥೆ 2004ರಲ್ಲಿ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು. ನಾನು ಹುಟ್ಟಿದ್ದು ಸಾಗರ ಸೀಮೆಯ ಅಡಿಕೆ ತೋಟದ ಮನೆಯಲ್ಲಿ. ನನ್ನ ಓದು ಸಾಗಿದ್ದು ಆ ಬೆಳೆಯ ಹಣದಿಂದ. ಕವಳ (ಎಲೆಯಡಿಕೆ) ಹಾಕದ ಹಿರಿಯರೇ ನಮ್ಮ ಮನೆಯಲ್ಲಿರಲಿಲ್ಲ. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯದಲ್ಲಿ ನಿಂತು ಈ ಮಾತು ಹೇಳುವುದು ಸುಲಭವಲ್ಲವೆಂದು ಬಲ್ಲೆ. ಅಡಿಕೆಯ ಮೇಲಿನ ಪ್ರತಿ ಟೀಕೆಯೂ ಧಾರಣೆ ಬೀಳಿಸುವ ಸಂಚೆಂದು ನಮ್ಮ ಕಡೆಯವರು ಭಾವಿಸುತ್ತಾರೆ. ಮರ ಹತ್ತುವ ಕೊನೆಗಾರನಿಂದ ಹಿಡಿದು ಅಡಿಕೆ ಸುಲಿಯುವ ಹೆಂಗಸರವರೆಗೆ ಎಷ್ಟೋ ಕುಟುಂಬಗಳ ಅನ್ನ ಅದರಲ್ಲಿರುವಾಗ ಆ ಅಂಜಿಕೆಯನ್ನು ತಳ್ಳಿಹಾಕಲಾಗದು. ಬೇರೆ ಬೆಳೆಗೆ ಹೊರಳಲು ರೈತರಿಗೆ ಕಾಲಾವಕಾಶ, ಹಣ, ಮಾರುಕಟ್ಟೆ ಕೊಡಬೇಕಾದದ್ದು ಸರ್ಕಾರದ ಕರ್ತವ್ಯ. ಆದರೆ ವೈಜ್ಞಾನಿಕ ಸತ್ಯವನ್ನು ಧಾರಣೆಗಾಗಿ ಮುಚ್ಚಿಡುವುದು ಬೆಳೆಗಾರರ ಮಕ್ಕಳಿಗೇ ಮಾಡುವ ಅನ್ಯಾಯ.

ಏಕೆಂದರೆ ಜಗಿಯುವವರು ಬದಲಾಗಿದ್ದಾರೆ. ಊಟವಾದ ಮೇಲೆ ಒಂದು ಕವಳ ಹಾಕುತ್ತಿದ್ದ ಅಜ್ಜ-ಅಜ್ಜಿಯರ ಜಾಗದಲ್ಲಿ ಈಗ ಬೆಳಗಿನಿಂದ ರಾತ್ರಿವರೆಗೆ ಪುಡಿ ಪೊಟ್ಟಣ ಹರಿದು ಬಾಯಿಗೆ ಸುರಿದುಕೊಳ್ಳುವ ಇಪ್ಪತ್ತು-ಇಪ್ಪತ್ತೈದರ ಹುಡುಗರಿದ್ದಾರೆ. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಖಾ ನಿಷೇಧಿಸಿತು. ಗೂಡಂಗಡಿಯಲ್ಲಿ ಇಂದು ನಡೆಯುವುದನ್ನು ಯಾರು ಬೇಕಾದರೂ ನೋಡಬಹುದು: ಪಾನ್ ಮಸಾಲಾದ ಸರ ಒಂದು ಕಡೆ, ತಂಬಾಕಿನ ಪುಟ್ಟ ಪೊಟ್ಟಣಗಳ ಸರ ಇನ್ನೊಂದು ಕಡೆ ನೇತಾಡುತ್ತಿರುತ್ತವೆ, ಕೇಳಿದವನಿಗೆ ಅಂಗಡಿಯವನು ಎರಡನ್ನೂ ಒಟ್ಟಿಗೆ ಹರಿದು ಕೊಡುತ್ತಾನೆ, ಅವನು ಅಲ್ಲೇ ನಿಂತು ಒಂದರೊಳಗೆ ಇನ್ನೊಂದನ್ನು ಸುರಿದು, ಕುಲುಕಿ, ಬಾಯಿಗೆ ಹಾಕಿಕೊಳ್ಳುತ್ತಾನೆ. ನಿಷೇಧವಾದ ವಸ್ತು ಗಿರಾಕಿಯ ಅಂಗೈಯಲ್ಲಿ ತಯಾರಾಗುತ್ತದೆ. ಕೆಲವೇ ವರ್ಷಗಳಲ್ಲಿ ಕೆನ್ನೆಯ ಒಳಪದರ ಬಿಳಿಚಿಕೊಂಡು ಗಟ್ಟಿಯಾಗುತ್ತದೆ, ಖಾರ ತಿನ್ನಲಾಗುವುದಿಲ್ಲ, ಬಾಯಿ ಅಗಲಿಸಲಾಗುವುದಿಲ್ಲ. ಮೂರು ಬೆರಳುಗಳನ್ನು ನಿಲ್ಲಿಸಿ ಹಿಡಿದರೆ ಆರೋಗ್ಯವಂತರ ಹಲ್ಲುಗಳ ನಡುವೆ ಅವು ಹಿಡಿಸುತ್ತವೆ. ಈ ಹುಡುಗರಿಗೆ ಎರಡು ಬೆರಳು ಕೂಡ ಹಿಡಿಸುವುದಿಲ್ಲ. ಕ್ಯಾನ್ಸರ್‌ಗೆ ಮುಂಚಿನ ಈ ಸ್ಥಿತಿಯನ್ನು ಕಾಣಲು ಯಾವ ಸ್ಕ್ಯಾನ್ ಕೂಡ ಬೇಡ, ಒಂದು ಟಾರ್ಚ್ ಸಾಕು. ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದ ದೊಡ್ಡ ಅಧ್ಯಯನದ ಫಲಿತಾಂಶ 2005ರಲ್ಲಿ ಹೊರಬಂತು: ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರ್ ಸಾವುಗಳು ಮೂರನೇ ಒಂದರಷ್ಟು ತಗ್ಗಿದ್ದವು. ನಮ್ಮ ನೆರೆರಾಜ್ಯದಲ್ಲೇ ಸಾಬೀತಾದ ದಾರಿಯಿದು. ಮೂವತ್ತು ದಾಟಿದ ಎಲ್ಲರ ಬಾಯಿ, ಸ್ತನ, ಗರ್ಭಕಂಠಗಳ ತಪಾಸಣೆ ಮಾಡಬೇಕೆಂದು ಸರ್ಕಾರದ ಕಾರ್ಯಕ್ರಮವೇ ಹೇಳುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ಗರ್ಭಕಂಠದ ತಪಾಸಣೆ ಆಗಿದೆ ಎಂದ 30-49ರ ಮಹಿಳೆಯರು ಶೇ. 2ಕ್ಕಿಂತ ಕಡಿಮೆ, ಬಾಯಿಯ ತಪಾಸಣೆ ಆಗಿದೆ ಎಂದವರು ಶೇ. 1ಕ್ಕಿಂತ ಕಡಿಮೆ.

ಈ ಎಲ್ಲ ದರಗಳ ಬುಡದಲ್ಲಿ ಇರುವುದು ನೋಂದಣಿ. ಅದು ಹೇಗೆ ನಡೆಯುತ್ತದೆಂದು ಹೊರಗಿನವರಿಗೆ ಗೊತ್ತಿಲ್ಲ. ನಮ್ಮಲ್ಲಿ ಆಸ್ಪತ್ರೆಗಳು ತಾವಾಗಿ ಮಾಹಿತಿ ಕಳುಹಿಸಲಿ ಎಂದು ಕಾದರೆ ಆಗದು. ನೋಂದಣಿಯ ಸಿಬ್ಬಂದಿಯೇ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳ ದಾಖಲೆ ಕೊಠಡಿಗಳಿಗೆ, ಬಯಾಪ್ಸಿ ನೋಡುವ ಲ್ಯಾಬುಗಳಿಗೆ, ಪಾಲಿಕೆಯ ಮರಣ ದಾಖಲೆಗಳ ಕಚೇರಿಗೆ ಹೋಗಿ ಒಂದೊಂದು ಹೆಸರನ್ನೂ ಬರೆದು ತರಬೇಕು. ಒಬ್ಬರೇ ರೋಗಿ ಮೂರು ಆಸ್ಪತ್ರೆಗೆ ಹೋಗಿದ್ದರೆ ಮೂರು ಬಾರಿ ಎಣಿಸಬಾರದು. ಒಂದು ಕಡೆ ಲಕ್ಷ್ಮಮ್ಮ, ಇನ್ನೊಂದು ಕಡೆ ಲಕ್ಷ್ಮೀದೇವಮ್ಮ, ಮತ್ತೊಂದು ಕಡೆ ಬರೀ ಲಕ್ಷ್ಮಿ. ವಯಸ್ಸು ಒಂದರಲ್ಲಿ 50, ಒಂದರಲ್ಲಿ 55. ಗಂಡನ ಹೆಸರು, ಬಯಾಪ್ಸಿಯ ದಿನಾಂಕ, ರೋಗದ ಬದಿ ಎಡವೋ ಬಲವೋ ಎಂಬುದನ್ನು ಹೊಂದಿಸಿ ನೋಡಿ ಮೂವರೂ ಒಬ್ಬರೇ ಎಂದು ತೀರ್ಮಾನಿಸಬೇಕು. ವಿಳಾಸದ್ದು ಇನ್ನೂ ದೊಡ್ಡ ಗೋಳು. ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ಬಂದವರು ಬೆಂಗಳೂರಿನಲ್ಲಿ ಇಳಿದುಕೊಂಡ ನೆಂಟರ ಮನೆಯ ವಿಳಾಸ ಬರೆಸಿರುತ್ತಾರೆ. ಕನಿಷ್ಠ ಒಂದು ವರ್ಷ ನಗರದಲ್ಲಿ ವಾಸವಾಗಿದ್ದವರನ್ನಷ್ಟೇ ನಗರದ ಲೆಕ್ಕಕ್ಕೆ ಹಿಡಿಯಬೇಕು. ಅದಕ್ಕಾಗಿ ವಾರ್ಡಿನಲ್ಲಿ ರೋಗಿಯ ಬಳಿಯೇ ಕುಳಿತು ‘ಅಮ್ಮಾ, ನಿಮ್ಮೂರು ಯಾವುದು? ಇಲ್ಲಿಗೆ ಬಂದು ಎಷ್ಟು ದಿನವಾಯಿತು?’ ಎಂದು ಕೇಳುತ್ತಿದ್ದೆವು. ಹೀಗೆ ಸೋಸಿ ತೆಗೆದ ದರಗಳಾದ್ದರಿಂದಲೇ ಅವುಗಳಿಗೆ ಬೆಲೆ.

ದೇಶದ ಜನಸಂಖ್ಯೆಯ ಐದನೇ ಒಂದು ಭಾಗವನ್ನೂ ಇಂಥ ನೋಂದಣಿಗಳು ಇನ್ನೂ ಮುಟ್ಟಿಲ್ಲ. ಮುಟ್ಟಿದ ಕಡೆಗಳಲ್ಲಿ ಕಂಡ ಅಂತರ ಬೆರಗು ಹುಟ್ಟಿಸುವಂಥದ್ದು: 2012-16ರ ಲೆಕ್ಕದಲ್ಲಿ ಮಿಜೋರಾಂನ ಐಜ್ವಾಲ್‌ನ ಗಂಡಸರ ದರ ಲಕ್ಷಕ್ಕೆ ಸುಮಾರು 269, ಮಹಾರಾಷ್ಟ್ರದ ಉಸ್ಮಾನಾಬಾದ್-ಬೀಡ್ ಕಡೆ ಸುಮಾರು 40. ಮಿಜೋರಾಂನಲ್ಲಿ ತಂಬಾಕು ಸೇವನೆ ವಿಪರೀತ. ತಂಬಾಕಿನ ಹೊಗೆ ಹಾಯಿಸಿದ ‘ತುಯಿಬುರ್’ ಎಂಬ ನೀರನ್ನು ಬಾಯಲ್ಲಿ ಇಟ್ಟುಕೊಳ್ಳುವ ಪದ್ಧತಿಯೂ ಅಲ್ಲಿದೆ. ಎಣಿಸದೆ ಹೋಗಿದ್ದರೆ ಈ ಅಂತರ ಯಾರಿಗೂ ಕಾಣುತ್ತಿರಲಿಲ್ಲ. ಕರ್ನಾಟಕದಲ್ಲಿ ನಾಲ್ಕು ದಶಕಗಳ ಸರಣಿ ಸಿಗುವುದು ಬೆಂಗಳೂರಿಗೆ ಮಾತ್ರ. ಮಲೆನಾಡಿನ ಬಾಯಿ ಕ್ಯಾನ್ಸರ್, ಕರಾವಳಿಯ ಜಠರದ ಕ್ಯಾನ್ಸರ್, ಕಲ್ಯಾಣ ಕರ್ನಾಟಕದ ಗರ್ಭಕಂಠದ ಕ್ಯಾನ್ಸರ್ ಏರಿದೆಯೋ ಇಳಿದಿದೆಯೋ ಎಂದು ಕೇಳಿದರೆ ಅಷ್ಟೇ ಭರವಸೆಯಿಂದ ಉತ್ತರಿಸಲಾಗದು. ಹಳ್ಳಿಗಳಲ್ಲಿ ಇದು ಅಸಾಧ್ಯ ಎಂಬ ನೆಪಕ್ಕೆ ಉತ್ತರ ನಮ್ಮ ಗಡಿಯಾಚೆಯೇ, ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿದೆ. ಅಲ್ಲಿ 1987ರಲ್ಲಿ ಗ್ರಾಮೀಣ ನೋಂದಣಿ ಆರಂಭಿಸಿದವರು ಆಸ್ಪತ್ರೆಯ ಫೈಲುಗಳನ್ನು ನೆಚ್ಚದೆ ಹಳ್ಳಿಹಳ್ಳಿಗೆ ಹೋಗಿ, ಜನರೊಂದಿಗೆ ಮಾತನಾಡಿ, ಲಕ್ಷಣವಿದ್ದವರನ್ನು ಆಸ್ಪತ್ರೆಗೆ ಕಳುಹಿಸಿದರು. ಕೆಲವು ವರ್ಷಗಳಲ್ಲಿ ಗರ್ಭಕಂಠದ ಕ್ಯಾನ್ಸರ್ ಇರುವವರು ಮೊದಲಿಗಿಂತ ಆರಂಭದ ಹಂತದಲ್ಲೇ ಬರತೊಡಗಿದರು. ಎಣಿಸಲು ಹೋದವರಿಂದ ಚಿಕಿತ್ಸೆಯ ಫಲಿತಾಂಶವೇ ಸುಧಾರಿಸುವಂತಾಯಿತು.

ಆದ್ದರಿಂದ ತಮ್ಮ ಪತ್ರಿಕೆಯಲ್ಲಿ ಕ್ಯಾನ್ಸರ್ ಸಂಖ್ಯೆ ಪ್ರಕಟಿಸುವಾಗ ಅದರ ಪಕ್ಕದಲ್ಲಿ ದರವನ್ನೂ, ಅದು ಯಾವ ಅಂಗದ್ದೆಂಬುದನ್ನೂ, ಹತ್ತು-ಇಪ್ಪತ್ತು ವರ್ಷಗಳ ಹಿಂದೆ ಎಷ್ಟಿತ್ತೆಂಬುದನ್ನೂ ಕೊಡಬೇಕೆಂದು ಕೋರುತ್ತೇನೆ. ರಾಷ್ಟ್ರೀಯ ನೋಂದಣಿ ಕಾರ್ಯಕ್ರಮವನ್ನು ನಡೆಸುವ ಕೇಂದ್ರ ಬೆಂಗಳೂರಿನಲ್ಲೇ ಇದೆ. ತಮ್ಮ ವರದಿಗಾರರಿಗೆ ಅದು ದೂರವಲ್ಲ. ಸರ್ಕಾರವು ಮಲೆನಾಡು, ಕರಾವಳಿ, ಕಿತ್ತೂರು ಕರ್ನಾಟಕ, ಕಲ್ಯಾಣ ಕರ್ನಾಟಕಗಳಲ್ಲಿ ತಲಾ ಒಂದಾದರೂ ಜಿಲ್ಲೆಯಲ್ಲಿ ಪೂರ್ಣ ಪ್ರಮಾಣದ, ಕಾಯಂ ಸಿಬ್ಬಂದಿಯುಳ್ಳ ನೋಂದಣಿಯನ್ನು ನಡೆಸಲಿ. ಬಾಯಿ ತಪಾಸಣೆಯನ್ನು ಕಾಗದದ ಗುರಿಯಾಗಿ ಉಳಿಸದೆ, ಅಡಿಕೆ ಮಂಡಿಗಳಲ್ಲಿ, ಬಸ್ ಡಿಪೊಗಳಲ್ಲಿ, ಕಟ್ಟಡ ಕೆಲಸದ ಜಾಗಗಳಲ್ಲಿ ವಾರಕ್ಕೊಂದು ದಿನ ನಡೆಸಲಿ.

ಓದುಗರಲ್ಲಿಯೂ ಒಂದು ವಿನಂತಿಯಿದೆ. ದೇಶದಲ್ಲಿ ನೋಂದಣಿಯಾಗುವ ಸಾವುಗಳಲ್ಲಿ ವೈದ್ಯರು ಕಾರಣವನ್ನು ದೃಢೀಕರಿಸಿದವು ನಾಲ್ಕರಲ್ಲಿ ಒಂದಕ್ಕಿಂತ ಕಡಿಮೆ. ದೊಡ್ಡಾಸ್ಪತ್ರೆಯಲ್ಲಿ ಇನ್ನು ಮಾಡುವುದೇನೂ ಇಲ್ಲವೆಂದು ಕಳುಹಿಸಿದ ಮೇಲೆ ಮನೆಯಲ್ಲಿ ತೀರಿಕೊಂಡ ಕ್ಯಾನ್ಸರ್ ರೋಗಿಯ ಹೆಸರಿನ ಮುಂದೆ ‘ವಯೋಸಹಜ’, ‘ಎದೆನೋವು’ ಎಂದು ಬರೆದಿರುವುದನ್ನು ನಾವು ಮರಣ ದಾಖಲೆಗಳಲ್ಲಿ ಮತ್ತೆ ಮತ್ತೆ ಕಂಡಿದ್ದೇವೆ. ಉಳಿದ ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ಮನೆಯವರೇ ಹಾಗೆ ಬರೆಸಿದ್ದೂ ಉಂಟು. ಸಾವಿನ ನೋಂದಣಿಗೆ ಹೋಗುವವರು ಆಸ್ಪತ್ರೆಯ ಬಿಡುಗಡೆ ಪತ್ರ ಅಥವಾ ಬಯಾಪ್ಸಿ ವರದಿಯ ಒಂದು ಪ್ರತಿಯನ್ನು ಜೊತೆಗೆ ಒಯ್ದು, ಯಾವ ಅಂಗದ ಕ್ಯಾನ್ಸರ್ ಎಂಬುದನ್ನು ಕಾರಣದ ಕಲಮಿನಲ್ಲಿ ದಯವಿಟ್ಟು ಬರೆಸಬೇಕು.

ಇತಿ,
ಕ್ಯಾನ್ಸರ್ ನೋಂದಣಿಯ ನಿವೃತ್ತ ಸಿಬ್ಬಂದಿ,
ಬೆಂಗಳೂರು